ಮಡಚದ ಮೊಣಕಾಲು

ಚರ್ರ್ ಎಂದು ಒಂದು ಸಪ್ಪಳ. ಬಿ.ಪಿ. ಮಷೀನಿನ ಪಟ್ಟಿಯನ್ನು ತೋಳಿನಿಂದ ಕಿತ್ತಾಗ ಬರುವಂಥದ್ದು, ಹಳೆಯ ಸೀರೆಯನ್ನು ಎರಡೂ ಕೈಯಲ್ಲಿ ಹಿಡಿದು ಸೀಳಿದ ಹಾಗೆ. ಆ ವರ್ಷ ಬೆಟಗೇರಿಯ ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದುದೇ ಆ ಸಪ್ಪಳದಿಂದ. ಹಲ್ಲುಜ್ಜುವ ಮೊದಲು ಒಮ್ಮೆ, ಚಹಾ ಕುಡಿದ ಮೇಲೆ ಒಮ್ಮೆ, ಚಹಾದಿಂದ ಏರಿದ್ದು ಇಳಿಯಿತೋ ಇಲ್ಲವೋ ನೋಡಲು ಇನ್ನೊಮ್ಮೆ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಸೊಸೆ ಚರ್ರ್ ಕೇಳಿದೊಡನೆ ಒಂದು ಕ್ಷಣ ಕೈ ತಡೆಯುತ್ತಿದ್ದಳು. ಅತ್ತೆ ನಂಬರ್ ಹೇಳಲಿ ಎಂದಲ್ಲ, ಹೇಳದಿದ್ದರೆ ಸಾಕು ಎಂದು. ನಾನು ಹೇಳಿಯೇ ಬಿಡುತ್ತಿದ್ದೆ. ಒನ್ ಥರ್ಟಿ ಟೂ ಬೈ ಎಯ್ಟಿ ಫೋರ್. ಕಾನ್ವೆಂಟಿನ ನನ್‌ಗಳು ಅಷ್ಟು ಕಷ್ಟಪಟ್ಟು ನನ್ನ ನಾಲಿಗೆ ತಿದ್ದಿದ್ದು ಕೊನೆಗೆ ಇದಕ್ಕೆ ಉಪಯೋಗಕ್ಕೆ ಬಂತು.

ಮೂವತ್ತೆರಡು ವರ್ಷ ಹೈಸ್ಕೂಲು ಹುಡುಗಿಯರಿಗೆ ಇಂಗ್ಲಿಷ್ ಕಲಿಸಿ ರಿಟೈರ್ ಆದವಳು ನಾನು. ಅಷ್ಟು ವರ್ಷ ಬೇರೆಯವರ ನೋಟ್‌ಬುಕ್ಕಿನಲ್ಲಿ ಕೆಂಪು ಗೆರೆ ಎಳೆದ ಪೆನ್ನನ್ನು ರಿಟೈರ್ ಆದ ಮೇಲೆ ನನ್ನ ಮೈಮೇಲೆಯೇ ತಿರುಗಿಸಿಕೊಂಡೆ. ನಾಲಿಗೆ ಬೆಳ್ಳಗಾಗಿದ್ದರೆ ಒಂದು ಗೆರೆ. ಉಗುರಿನಲ್ಲಿ ಗೀರು ಕಂಡರೆ ಒಂದು ಗೆರೆ. ಎಡ ಭುಜ ನೊಂದರೆ ಎರಡು. ನನ್ನ ಮೆಡಿಕಲ್ ಫೈಲು ಮಗನ ಮದುವೆಯ ಆಲ್ಬಮ್ಮಿಗಿಂತ ದಪ್ಪವಾಯಿತು. ಅದರೊಳಗಿನ ಇ.ಸಿ.ಜಿ.ಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ವರ್ಷವಾರು ಜೋಡಿಸಿಟ್ಟಿದ್ದೆ, ಎಲ್ಲವೂ ನಾರ್ಮಲ್. ನಾರ್ಮಲ್ ಎಂದು ಬರೆದುಕೊಟ್ಟ ಡಾಕ್ಟರ ಮೇಲೆ ನನಗೆ ಎರಡು ದಿನ ನಂಬಿಕೆ, ಮೂರನೆಯ ದಿನ ಸಂಶಯ. ಗದಗಿನ ಡಾಕ್ಟರುಗಳು ಮುಗಿದ ಮೇಲೆ ಮುಂಡರಗಿಯ ಹತ್ತಿರ ನಾಡಿ ನೋಡುವವರೊಬ್ಬರ ಬಳಿಗೂ ಹೋದೆ. ಅವರು ಕೈ ಹಿಡಿದು ಕಣ್ಣು ಮುಚ್ಚಿ ಬಹಳ ಹೊತ್ತು ಕುಳಿತು, ‘ಇವರಿಗೆ ಏನೂ ಇಲ್ಲ, ಹಸಿವು ಚೆನ್ನಾಗಿದೆ’ ಎಂದು ಮಗನಿಗೆ ಹೇಳಿದರು. ಅಷ್ಟು ದೂರ ಹೋದದ್ದಕ್ಕೆ ಒಂದು ಪುಡಿಯನ್ನಾದರೂ ಕೊಡಬಹುದಿತ್ತು.

ಇದೆಲ್ಲ ಶುರುವಾದದ್ದು ಬಲ ಮೊಣಕಾಲಿನಿಂದ. ಸವೆದು ಹೋಗಿತ್ತು, ಹುಬ್ಬಳ್ಳಿಗೆ ಹೋಗಿ ಬದಲಿಸಿಕೊಂಡು ಬಂದೆ. ಆಪರೇಷನ್ ಚೆನ್ನಾಗಿಯೇ ಆಯಿತು. ಬಿಡುಗಡೆಯ ದಿನ ಸರ್ಜನ್ ಬಂದು, ನಗುನಗುತ್ತಲೇ, ಇನ್ನು ಮುಂದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂಡುವಂತಿಲ್ಲ ಮೇಡಂ ಎಂದರು. ಎಷ್ಟು ದಿನ ಎಂದು ಕೇಳಿದೆ. ಲೈಫ್‌ಟೈಮ್ ಎಂದರು. ಮನೆಯವರು ಇಷ್ಟೇ ತಾನೇ ಎಂದು ನಕ್ಕರು. ನಾನು ಮಾತ್ರ ಕಾರಿನಲ್ಲಿ ಹುಬ್ಬಳ್ಳಿಯಿಂದ ಗದಗ ತಲುಪುವವರೆಗೆ ಒಂದೇ ಲೆಕ್ಕದಲ್ಲಿದ್ದೆ: ಲೈಫ್‌ಟೈಮ್ ಸರಿ, ಅದು ಮುಗಿದ ಮೇಲೆ? ಅದು ಸರ್ಜನ್ನರ ಡಿಪಾರ್ಟ್‌ಮೆಂಟ್ ಅಲ್ಲ.

ಕೊರಳಲ್ಲಿ ಲಿಂಗ ಕಟ್ಟುವ ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಸುಡುವುದೂ ಇಲ್ಲ. ಕುಳ್ಳಿರಿಸುತ್ತಾರೆ. ಜೀವ ಹೋದ ಸ್ವಲ್ಪ ಹೊತ್ತಿನಲ್ಲೇ, ಮೈ ಸೆಟೆಯುವ ಮೊದಲು, ಗೋಡೆಗೆ ಆನಿಸಿ, ಎರಡೂ ಕಾಲು ಮಡಚಿ, ಪೂಜೆಗೆ ಕುಳಿತ ಹಾಗೆ ಕೂಡಿಸುತ್ತಾರೆ. ಬಂದವರೆಲ್ಲ ಅದೇ ಭಂಗಿಯಲ್ಲಿ ದರ್ಶನ ಮಾಡುತ್ತಾರೆ, ಅದೇ ಭಂಗಿಯಲ್ಲಿ ಕುಣಿಯೊಳಗೆ ಇಳಿಸುತ್ತಾರೆ. ಚಿಕ್ಕಂದಿನಿಂದ ನೋಡಿದ್ದು. ಅದರಲ್ಲಿ ಒಂದು ಮರ್ಯಾದೆ ಇದೆ ಎಂದು ಹೆಮ್ಮೆಪಟ್ಟವಳೂ ನಾನೇ, ನನ್ನ ಮೊಣಕಾಲಿನಲ್ಲಿ ಸ್ಟೀಲು ಬರುವ ತನಕ. ಈ ಕಾಲು ಅರ್ಧಕ್ಕೆ ಬಂದು ನಿಲ್ಲುತ್ತದೆ. ಗೋಡೆಗೆ ಆನಿಸಿದ ನನ್ನನ್ನು ಸುತ್ತುವರಿದು ಓಣಿಯ ಹೆಂಗಸರು ‘ಒತ್ರಿ, ಇನ್ನಷ್ಟು ಒತ್ರಿ’ ಎನ್ನುವುದು, ಯಾರೋ ಒಬ್ಬರು ತೊಡೆಯ ಮೇಲೆ ಮೊಣಕೈ ಊರುವುದು, ಒಂದು ಕಾಲು ಪದ್ಮಾಸನ, ಇನ್ನೊಂದು ಕಾಲು ಬಂದವರ ಕಡೆ ಚಾಚಿಕೊಂಡಿರುವುದು. ಇದು ನನ್ನ ಕಣ್ಣಿಗೆ ಕಟ್ಟಿದ ದಿನದಿಂದ ನನಗೆ ಸಾಯುವುದೇ ಬೇಡವಾಯಿತು. ಸಾಯದಿರಬೇಕಾದರೆ ಯಾವ ರೋಗವೂ ಬರಬಾರದು. ರೋಗ ಬರಬಾರದೆಂದರೆ ತಾಸಿಗೊಮ್ಮೆ ಕಾಯಬೇಕು. ಲಾಜಿಕ್ ಸರಿಯಾಗಿಯೇ ಇತ್ತು.

ಇದನ್ನು ಯಾರಿಗೂ ಹೇಳಲಿಲ್ಲ. ಎದೆ ನೋವು ಎಂದರೆ ಜನ ಕುರ್ಚಿ ಕೊಡುತ್ತಾರೆ. ಸತ್ತ ಮೇಲೆ ಮೊಣಕಾಲು ಮಡಚುವುದಿಲ್ಲ ಎಂದರೆ ಏನು ಕೊಟ್ಟಾರು?

ಕೇಳಬಹುದಾದ ಒಬ್ಬಳಿದ್ದಳು, ನನ್ನ ಅಕ್ಕ. ನನಗಿಂತ ಏಳು ವರ್ಷ ದೊಡ್ಡವಳು. ಲಕ್ಷ್ಮೇಶ್ವರದ ಕಾಳು ವ್ಯಾಪಾರದ ಮನೆಗೆ ಸೊಸೆಯಾಗಿ ಹೋದವಳು. ಆ ಓಣಿಯಲ್ಲಿ ಯಾವ ಹೆಣ್ಣುಮಗಳು ತೀರಿಕೊಂಡರೂ ಮೊದಲು ಅವಳನ್ನೇ ಕರೆಯುತ್ತಿದ್ದರು. ಮೀಸುವುದು, ಸೀರೆ ಉಡಿಸುವುದು, ಕುಳ್ಳಿರಿಸುವುದು ಎಲ್ಲ ಅವಳ ಕೈಯಿಂದ. ಅದಕ್ಕೆ ಅವಳಿಗೆ ಸರ್ಟಿಫಿಕೇಟು ಇರಲಿಲ್ಲ, ಶಾಲೆಗೇ ಸರಿಯಾಗಿ ಹೋದವಳಲ್ಲ. ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳನ್ನು ಕಾನ್ವೆಂಟಿಗೆ ಕಳಿಸಿದರೆ ಸಾಕು, ಇನ್ನೊಬ್ಬಳು ಮನೆ ನೋಡಿಕೊಳ್ಳಲಿ ಎಂದು ನಮ್ಮಪ್ಪ ತೀರ್ಮಾನಿಸಿದ್ದರು. ಆರಿಸಿದ್ದು ಯಾವ ಬುದ್ಧಿವಂತಿಕೆ ನೋಡಿಯೂ ಅಲ್ಲ, ಕಾನ್ವೆಂಟು ಶುರುವಾದಾಗ ನನ್ನ ವಯಸ್ಸು ಹೊಂದಿತು, ಅಷ್ಟೇ. ಬೆಳಿಗ್ಗೆ ನಾನು ಕುರ್ಚಿಯ ಮೇಲೆ ಕುಳಿತು ಕಾಲು ಮುಂದೆ ಚಾಚುತ್ತಿದ್ದೆ, ಅಕ್ಕ ನೆಲದ ಮೇಲೆ ಕುಳಿತು ನನಗೆ ಕರಿ ಬೂಟು ಹಾಕಿ ಲೇಸು ಕಟ್ಟುತ್ತಿದ್ದಳು. ಮೊದಲು ಬಲಗಾಲಿಗೆ. ಎಡಗಾಲಿಗೆ ಮೊದಲು ಹಾಕಿದರೆ ನಾನು ಫೇಲಾಗುತ್ತೇನೆ ಎಂದು ಅವಳ ನಂಬಿಕೆ. ನಾನು ಒಂದು ಸಲವೂ ಫೇಲಾಗಲಿಲ್ಲ, ಆದ್ದರಿಂದ ಆ ನಂಬಿಕೆ ಸುಳ್ಳೆಂದು ಇವತ್ತಿಗೂ ಹೇಳಲಾರೆ.

ಆ ವರ್ಷ ಅಕ್ಕನ ಎರಡೂ ಕಿಡ್ನಿ ಸೋತವು. ಡಯಾಲಿಸಿಸ್ಸಿಗೆ ವಾರಕ್ಕೆರಡು ಸಲ ಓಡಾಡುವುದು ತನ್ನಿಂದಾಗದು ಎಂದು ಅವಳೇ ಬೇಡ ಎಂದಳು. ಇನ್ನು ಕೆಲವು ತಿಂಗಳು ಎಂದು ಡಾಕ್ಟರು ಹೇಳಿದ್ದರಂತೆ. ನಮ್ಮ ಕಡೆ ಯಾರಿಗಾದರೂ ಹುಷಾರಿಲ್ಲ ಎಂದರೆ ಊರೇ ‘ಮಾತಾಡಿಸಿ ಬರಲು’ ಹೋಗುತ್ತದೆ. ಬಸ್ಸು ಹತ್ತಿ ಹೋಗಿ, ಬಿಸ್ಕಿಟ್ ಪುಡಿಕೆ ಇಟ್ಟು, ರೋಗಿಯ ಎದುರಿಗೇ ‘ಭಾಳ ಇಳದೀರಿ’ ಎಂದು ಹೇಳಿ, ಆಮೇಲೆ ‘ಏನೂ ಆಗಂಗಿಲ್ಲ ತಗೋರಿ’ ಎಂದು ಸಮಾಧಾನ ಮಾಡಿ ಬರುತ್ತಾರೆ. ಅಕ್ಕನನ್ನು ಮಾತಾಡಿಸದ ನೆಂಟರು ಉಳಿಯಲಿಲ್ಲ, ನಾನೊಬ್ಬಳನ್ನು ಬಿಟ್ಟು. ಗದಗಿನಿಂದ ಲಕ್ಷ್ಮೇಶ್ವರ ಕಾರಿನಲ್ಲಿ ಒಂದು ತಾಸು. ನನಗೆ ಒಮ್ಮೆ ತಲೆ ತಿರುಗುತ್ತಿತ್ತು, ಒಮ್ಮೆ ನೆಗಡಿ, ಒಮ್ಮೆ ಅಕ್ಕನಿಗೇ ಇನ್‌ಫೆಕ್ಷನ್ ಆದೀತೆಂಬ ದೊಡ್ಡ ಕಾಳಜಿ. ನನ್ನ ಬದಲು ಒಂದು ಡಜನ್ ಎಳನೀರು ಕಳಿಸಿದೆ. ಕಿಡ್ನಿ ಸೋತವರಿಗೆ ಎಳನೀರು ಕೊಡಲೇಬಾರದು ಎಂದು ಆಮೇಲೆ ಗೊತ್ತಾಯಿತು. ಜಗತ್ತಿನ ರೋಗಗಳನ್ನೆಲ್ಲ ಓದಿಕೊಂಡವಳು ಅದೊಂದನ್ನು ಓದಿರಲಿಲ್ಲ, ಏಕೆಂದರೆ ಆ ರೋಗ ನನ್ನದಲ್ಲ.

ಅಕ್ಕ ಫೋನು ಮಾಡಿಸಿದಳು. “ತಂಗೆವ್ವಾ, ನಾ ಹೆಂಗಿದ್ರೂ ಹೋಗಾಕ ತಯಾರಾಗೇನಿ. ನೀ ದೂಡಾಕ ಹತ್ತಬ್ಯಾಡ.” ಆಮೇಲೆ, “ಒಮ್ಮೆ ಬಂದು ಹೋಗು” ಎಂದಳು. ಬರುತ್ತೇನೆ ಎಂದೆ. ಫೋನಿಟ್ಟು ಪಟ್ಟಿ ಕಟ್ಟಿಕೊಂಡೆ. ಒನ್ ಫಿಫ್ಟಿ ಎಯ್ಟ್ ಬೈ ನೈಂಟಿ ಸಿಕ್ಸ್. ಈ ಬಿ.ಪಿ.ಯಲ್ಲಿ ಹೇಗೆ ಹೋಗುವುದು ಎಂದು ಸೊಸೆಯನ್ನು ಕೇಳಿದೆ. ಮರುದಿನ ಅವಳು ನನ್ನನ್ನು ಕೌನ್ಸೆಲರ್ ಹತ್ತಿರ ಕರೆದುಕೊಂಡು ಹೋದಳು.

ಕೌನ್ಸೆಲರ್ ಎಂದರೆ ಮೂವತ್ತೂ ತುಂಬದ ಹುಡುಗಿ, ಕರಾವಳಿಯ ಕಡೆಯವಳು. ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಅವಳ ರೂಮು. ಮೊಣಕಾಲಿನವರಿಗೆ ಇಪ್ಪತ್ತೆರಡು ಮೆಟ್ಟಿಲು, ಅಂಜಿಕೆಯವರಿಗೆ ಕೆಳಗೇ ಔಷಧಿ. ಒಳಗೆ ಒಂದು ಟಿಶ್ಯೂ ಪೇಪರಿನ ಡಬ್ಬಿ, ಒಂದು ಪ್ಲಾಸ್ಟಿಕ್ ಹೂವಿನ ಗಿಡ, ಉಸಿರಾಡುವುದು ಹೇಗೆಂದು ತೋರಿಸುವ ಒಂದು ಚಿತ್ರಪಟ. ಎಪ್ಪತ್ತು ವರ್ಷ ಉಸಿರಾಡಿದ ನನಗೆ ಮೊದಲನೇ ದಿನ ಅದನ್ನೇ ಕಲಿಸಿದಳು. ಮೂಗಿನಿಂದ ನಾಲ್ಕು ಎಣಿಸಿ ಒಳಗೆ, ಬಾಯಿಂದ ಆರು ಎಣಿಸಿ ಹೊರಗೆ. ‘ವಂಡರ್‌ಫುಲ್’ ಎಂದಳು. ನನಗೆ ವಂಡರ್‌ಫುಲ್ ಎನ್ನುವ ಟೀಚರುಗಳ ಮೇಲೆ ಮೊದಲಿನಿಂದಲೂ ವಿಶ್ವಾಸವಿಲ್ಲ.

ಆದರೆ ಹುಡುಗಿ ಪೆದ್ದಿಯಾಗಿರಲಿಲ್ಲ. ನನಗೆ ಸಾವಿನ ರೋಗವಲ್ಲ, ಖಾತ್ರಿಯ ರೋಗ ಎಂದಳು. ಬಿ.ಪಿ. ನೋಡಿದಾಗ ಹತ್ತು ನಿಮಿಷ ಸಮಾಧಾನ, ಆ ಸಮಾಧಾನ ಮುಗಿದಾಗ ಮೊದಲಿಗಿಂತ ಹೆಚ್ಚಿನ ಅಂಜಿಕೆ. ತುರಿಸಿಕೊಂಡಷ್ಟೂ ಕಜ್ಜಿ ಹೆಚ್ಚುತ್ತದಲ್ಲವೇ ಅಮ್ಮಾ, ಹಾಗೆ ಎಂದಳು. ಆದ್ದರಿಂದ ದಿನಕ್ಕೆ ಒಂದೇ ಸಲ ಬಿ.ಪಿ. ಚಿಂತೆಗೆ ಸಂಜೆ ಐದರಿಂದ ಐದೂವರೆ, ಬೇರೆ ಹೊತ್ತಿನಲ್ಲಿ ಬಂದ ಚಿಂತೆಗೆ ಐದು ಗಂಟೆಗೆ ಬಾ ಎಂದು ಹೇಳಬೇಕು. ಮನೆಯವರು ಯಾರೂ ನನಗೆ ‘ಏನೂ ಆಗಂಗಿಲ್ಲ’ ಎನ್ನಬಾರದು. ನಾನು ಕೇಳಿದರೆ ‘ಇರಬಹುದು, ಇಲ್ಲದೆಯೂ ಇರಬಹುದು’ ಎನ್ನಬೇಕು.

ಸೊಸೆ ಇದನ್ನು ಎಷ್ಟು ಸಂತೋಷದಿಂದ ಪಾಲಿಸಿದಳೆಂದರೆ, ನನಗೆ ಆ ಕೌನ್ಸೆಲರ್ ಫೀಸು ಯಾರ ಕಡೆಯಿಂದ ಹೋಗುತ್ತಿದೆ ಎಂದು ಸಂಶಯ ಬಂತು.

“ನನಗ ಎದ್ಯಾಗ ಏನೋ ಕುಟುಕಿದಂಗ ಆಗತೈತೆಲ್ಲ. ಹಾರ್ಟೇನು?” ಎಂದು ನಾನು.

“ಇದ್ರೂ ಇರಬಹುದ್ರಿ ಅತ್ತೀ” ಎಂದು ಅವಳು, ರೊಟ್ಟಿ ಮಗುಚುತ್ತಾ. “ಮೆಣಸಿನಕಾಯಿ ಬಜ್ಜೀನೂ ಇರಬಹುದು.”

ಹದಿನೈದು ವರ್ಷದಲ್ಲಿ ಅವಳು ನನಗೆ ಅಷ್ಟು ನೆಮ್ಮದಿಯಿಂದ ಎದುರು ಮಾತಾಡಿದ್ದು ಅದೇ ಮೊದಲು.

ಕೌನ್ಸೆಲರ್ ಒಂದು ದಿನ ಕೇಳಿದಳು, ಈ ಅಂಜಿಕೆ ಇಲ್ಲದಿದ್ದರೆ ನೀವು ನಾಳೆ ಬೆಳಿಗ್ಗೆ ಏನು ಮಾಡುತ್ತಿದ್ದಿರಿ ಎಂದು. ನಾನು ಯೋಚನೆ ಮಾಡದೆ, ಲಕ್ಷ್ಮೇಶ್ವರಕ್ಕೆ ಹೋಗುತ್ತಿದ್ದೆ ಎಂದೆ. ಅದನ್ನು ಅವಳು ಒಂದು ಹಾಳೆಯ ತುದಿಗೆ ಬರೆದು, ಕೆಳಗೆ ಏಣಿಯ ಚಿತ್ರ ಬಿಡಿಸಿದಳು. ತುದಿಯ ಮೆಟ್ಟಿಲು, ಅಕ್ಕನ ಪಕ್ಕದಲ್ಲಿ ಅರ್ಧ ತಾಸು ಕೂಡುವುದು. ಕೆಳಗಿನ ಮೆಟ್ಟಿಲಿನಿಂದ ಒಂದೊಂದಾಗಿ ಹತ್ತಬೇಕು. ನನ್ನ ಕಾಲಿನ ಕಥೆ ಗೊತ್ತಿದ್ದೂ ಎಲ್ಲವನ್ನೂ ಮೆಟ್ಟಿಲಿನಲ್ಲೇ ಯೋಚಿಸುವ ಹುಡುಗಿ.

ಕೆಳಗಿನ ಮೆಟ್ಟಿಲುಗಳು ಹೀಗಿದ್ದವು. ಸರ್ಕಲ್ಲಿನಲ್ಲಿ ಕಟ್ಟುತ್ತಾರಲ್ಲ, ಭಾವಪೂರ್ಣ ಶ್ರದ್ಧಾಂಜಲಿಯ ಫ್ಲೆಕ್ಸು, ಅದನ್ನು ಮುಖ ತಿರುಗಿಸದೆ ನೋಡುವುದು, ವಯಸ್ಸು ಓದಿ ನನ್ನ ವಯಸ್ಸಿನಿಂದ ಕಳೆಯದೆ ಇರುವುದು. ಮಲ್ಲಸಮುದ್ರದ ಕಡೆಯ ರುದ್ರಭೂಮಿಯ ಮುಂದೆ ರಿಕ್ಷಾ ನಿಲ್ಲಿಸಿ ಹತ್ತು ನಿಮಿಷ ಕೂಡುವುದು. ಕುಳಿತೆ. ರಿಕ್ಷಾದವನು ಯಾರಿಗಾಗಿ ಕಾಯುತ್ತಿದ್ದೀರಿ ಎಂದು ಎರಡು ಸಲ ಕೇಳಿದ. ಇನ್ನೊಂದು ಮೆಟ್ಟಿಲು, ಯಾವುದಾದರೂ ಸಾವಿನ ಮನೆಗೆ ಹೋಗಿ, ‘ಏನಾಗಿತ್ತು’ ಎಂದು ಕೇಳದೆ ಅರ್ಧ ತಾಸು ಇದ್ದು ಬರುವುದು. ಶಿರಹಟ್ಟಿಯಲ್ಲಿ ದೂರದ ನೆಂಟರೊಬ್ಬರು ತೀರಿಕೊಂಡಿದ್ದು ನನ್ನ ಚಿಕಿತ್ಸೆಗೆ ಅನುಕೂಲವಾಯಿತು. ಹೋದೆ. ಬಾಯಿ ಮುಚ್ಚಿ ಕುಳಿತೆ. ಆದರೆ ನಮ್ಮ ಕಡೆಯ ಸಾವಿನ ಮನೆಯಲ್ಲಿ ಏನಾಗಿತ್ತು ಎಂದು ಕೇಳಬೇಕೆಂದೇನಿಲ್ಲ. ಒಬ್ಬರು ವಾಯು ಎಂದರು, ಒಬ್ಬರು ಸೈಲೆಂಟ್ ಅಟ್ಯಾಕ್ ಎಂದರು, ಒಬ್ಬರು ಹಿಂದಿನ ದಿನ ತಿಂದ ಮೊಸರು ಎಂದರು, ಒಬ್ಬರು ಮಿದುಳಿನಲ್ಲಿ ನರ ಎಂದರು. ಆ ಹುಡುಗಿಯ ಪುಸ್ತಕದಲ್ಲಿ ಇಂಥ ಊರು ಇರಲಿಲ್ಲ. ಅರ್ಧ ತಾಸಿನಲ್ಲಿ ಆ ಯಜಮಾನರು ನಾಲ್ಕು ರೋಗದಿಂದ ಸತ್ತರು, ನಾನು ನಾಲ್ಕನ್ನೂ ಹೊತ್ತುಕೊಂಡು ಗದಗಿಗೆ ಬಂದೆ.

ಎಲ್ಲ ಹೋಮ್‌ವರ್ಕನ್ನೂ ನಾನು ಮಾಡುತ್ತಿದ್ದೆ. ತಪ್ಪಿದ್ದು ಅಲ್ಲೇ. ಕಾನ್ವೆಂಟಿನಲ್ಲಿ ಕಲಿತ ಮಗುವಿಗೆ ಹೋಮ್‌ವರ್ಕ್ ಕೊಟ್ಟರೆ ಅದು ಫುಲ್ ಮಾರ್ಕ್ಸಿಗೆ ಬರೆಯುತ್ತದೆ. ರೂಲರ್ ಇಟ್ಟು ಮಾರ್ಜಿನ್ ಹಾಕಿ, ತಲೆಬರಹಕ್ಕೆ ಅಂಡರ್‌ಲೈನ್ ಎಳೆದು, ‘ನನ್ನ ಅತಿ ಕೆಟ್ಟ ಭಯ’ ಎಂಬ ವಿಷಯದ ಮೇಲೆ ಎರಡು ಪುಟ ಇಂಗ್ಲಿಷ್ ಎಸ್ಸೆ ಬರೆದುಕೊಂಡು ಹೋದೆ. ಸಂಜೆಯ ಸೂರ್ಯ, ಬಾಡುವ ಹೂವು, ಪರಮಾತ್ಮನ ಇಚ್ಛೆ ಎಲ್ಲ ಇತ್ತು, ಒಂದು ಸ್ಪೆಲ್ಲಿಂಗ್ ತಪ್ಪಿರಲಿಲ್ಲ. ಹುಡುಗಿ ಓದಿ ಹಾಳೆಯನ್ನು ಮೇಜಿನ ಮೇಲೆ ಇಟ್ಟಳು. ವಂಡರ್‌ಫುಲ್ ಎನ್ನಲಿಲ್ಲ.

“ಅಮ್ಮಾ, ನೀವು ಹೆದರುವುದು ಇಂಗ್ಲಿಷಿನಲ್ಲಾ?”

ನನಗೆ ಸಿಟ್ಟು ಬಂತು. ಮೂವತ್ತೆರಡು ವರ್ಷದ ಸರ್ವಿಸ್ಸಿನಲ್ಲಿ ಯಾರೂ ನನ್ನ ಹಾಳೆಯನ್ನು ತಿರುಗಿ ಕೊಟ್ಟವರಿಲ್ಲ. ಆ ಸಿಟ್ಟಿನಲ್ಲೇ, ಹೇಳಬಾರದು ಎಂದುಕೊಂಡಿದ್ದು ನಮ್ಮ ಮಾತಿನಲ್ಲಿ ಬಾಯಿಗೆ ಬಂದುಬಿಟ್ಟಿತು: “ನನ್ನ ಮೊಣಕಾಲು ಮಡಚೂದಿಲ್ಲವಾ. ಸತ್ತ ಮ್ಯಾಲ ನನ್ನ ಹೆಂಗ ಕುಂಡ್ರಸ್ತಾರ?”

ಹುಡುಗಿಗೆ ತಿಳಿಯಲಿಲ್ಲ. ಮೊದಲು ಅವಳು ಅದನ್ನು ಸಿಂಬಲ್ ಎಂದುಕೊಂಡಳು. ಬಾಗಲಾರದ ಮೊಣಕಾಲು ಎಂದರೆ ಯಾರಿಗೂ ಬಗ್ಗದೆ ಬಾಳಿದ್ದರ ಗುರುತೇ, ಎಂದು ಮೆಲ್ಲಗೆ ಕೇಳಿದಳು. ಇಲ್ಲವಾ, ಸ್ಟೀಲಿನ ಗುರುತು ಎಂದೆ. ಅವರ ಮನೆಯಲ್ಲಿ ಸುಡುವ ಪದ್ಧತಿ, ಮಲಗಿಸುತ್ತಾರೆ. ಸತ್ತವರು ಕೂಡುತ್ತಾರೆ ಎನ್ನುವುದನ್ನೇ ಅವಳು ಕೇಳಿರಲಿಲ್ಲ. ಗದಗಿಗೆ ಬಂದು ಎರಡು ವರ್ಷವಾಗಿ, ವಾರಕ್ಕೆ ಹತ್ತು ಜನರ ಸಾವಿನ ಅಂಜಿಕೆ ಕೇಳುವವಳಿಗೆ ಇಲ್ಲಿಯವರು ಹೇಗೆ ಹೋಗುತ್ತಾರೆ ಎನ್ನುವುದೇ ಗೊತ್ತಿರಲಿಲ್ಲ. ಇದನ್ನು ನಾನು ಅವಳಿಗೆ ಹೇಳಿಯೂ ಹೇಳಿದೆ. ಅವಳು ಮುಖ ಕೆಂಪಗೆ ಮಾಡಿಕೊಂಡು, ಹಾಗಾದರೆ ನನಗೆ ಹೇಳಿಕೊಡಿ, ಮೊದಲಿನಿಂದ, ಏನೂ ಬಿಡದೆ ಎಂದಳು.

ಹೇಳಿದೆ. ಮೀಸುವ ನೀರು ಎಷ್ಟು ಬೆಚ್ಚಗಿರುತ್ತದೆ, ಹಣೆಗೆ ವಿಭೂತಿ ಯಾರು ಹಚ್ಚುತ್ತಾರೆ, ಗೋಡೆಗೆ ಆನಿಸಿ ತಲೆ ಜೋಲದಂತೆ ಬಟ್ಟೆ ಹೇಗೆ ಕಟ್ಟುತ್ತಾರೆ, ಕೈಯಲ್ಲಿ ಲಿಂಗ ಹೇಗೆ ಇಡುತ್ತಾರೆ, ಕಾಲು ಯಾವಾಗ ಮಡಚುತ್ತಾರೆ. ಟೀಚರ್ ನಾನೇ ಆದ್ದರಿಂದ ಧ್ವನಿ ಗಟ್ಟಿಯಾಗಿಯೇ ಇತ್ತು. ಮೊಣಕಾಲಿಗೆ ಬಂದಾಗ ಮಾತ್ರ ನಿಂತಿತು. ಅವಳು ನೀರು ಕೊಡಲಿಲ್ಲ, ಟಿಶ್ಯೂ ಕೊಡಲಿಲ್ಲ, ಏನೂ ಆಗುವುದಿಲ್ಲ ಎನ್ನಲಿಲ್ಲ. ಮುಂದೆ ಎಂದಳು. ಒತ್ತುತ್ತಾರೆ ಎಂದೆ. ಆಮೇಲೆ? ಮಡಚುವುದಿಲ್ಲ. ಆಮೇಲೆ? ಆಮೇಲಿನದ್ದು ನನಗೆ ಗೊತ್ತಿರಲಿಲ್ಲ. ನಾಲ್ಕು ವಾರ ಅದನ್ನೇ ಹೇಳಿಸಿದಳು. ನಾಲ್ಕನೆಯ ವಾರ ಹೇಳುವಾಗ ನನಗೆ ನಡುವೆ ಆಕಳಿಕೆ ಬಂತು. ಹುಡುಗಿ ಅದನ್ನು ಸಡಗರದಿಂದ ಫೈಲಿನಲ್ಲಿ ಬರೆದುಕೊಂಡಳು. ನನ್ನ ಸಾವಿನ ಬಗ್ಗೆ ನನಗೇ ಬೇಸರ ಬಂದದ್ದನ್ನು ಪ್ರೋಗ್ರೆಸ್ ಎನ್ನುತ್ತಾರಂತೆ.

‘ಆಮೇಲಿನದ್ದು ಯಾರಿಗೆ ಗೊತ್ತಿರುತ್ತದೆ?’ ಎಂದು ಕೇಳಿದಳು. ಅಕ್ಕನಿಗೆ ಎಂದೆ. ಆದರೆ ನೀನೇ ಯಾರ ಹತ್ತಿರವೂ ಖಾತ್ರಿ ಕೇಳಬಾರದು ಎಂದಿದ್ದೀಯಲ್ಲ, ಎಂದೆ. ಅವಳು ಪೆನ್ನಿನ ತುದಿ ಕಚ್ಚಿದಳು. ಮೊದಲು ಅಕ್ಕನನ್ನು ನೋಡಲು ಹೋಗಿ ಅಮ್ಮಾ, ಮೊಣಕಾಲಿನದು ಆಮೇಲೆ ಎಂದಳು. ಆ ಹುಡುಗಿ ಹೇಳಿದ್ದರಲ್ಲಿ ಪುಸ್ತಕದಿಂದ ಬರದ ಮಾತು ಅದೊಂದೇ ಇರಬೇಕು.

ಮರುವಾರ ಹೋದೆ. ಮಗ ಕಾರು ಓಡಿಸಿದ. ಬ್ಯಾಗಿನಲ್ಲಿ ಬಿ.ಪಿ. ಮಷೀನು ಇಟ್ಟುಕೊಂಡಿದ್ದನ್ನು ಯಾರಿಗೂ ಹೇಳಲಿಲ್ಲ. ಕಾನ್ವೆಂಟಿನಲ್ಲಿ ಕಲಿತವರು ಕಾಪಿ ಹೊಡೆಯುವುದಿಲ್ಲ ಎನ್ನುವುದು ಹೊರಗಿನವರ ನಂಬಿಕೆ.

ಅಕ್ಕ ನಡುಮನೆಯಲ್ಲಿ ಗೋಡೆಗೆ ಆನಿಕೊಂಡು, ನೆಲಕ್ಕೆ ಹಾಸಿದ ಗಾದಿಯ ಮೇಲೆ ಕುಳಿತಿದ್ದಳು. ಮಲಗಿದರೆ ದಮ್ಮು ಹತ್ತುತ್ತಿತ್ತಂತೆ. ಮುಖ ಊದಿತ್ತು, ಕೈ ಮಾತ್ರ ಕಡ್ಡಿ. ನನಗೆ ಪ್ಲಾಸ್ಟಿಕ್ ಕುರ್ಚಿ ತರಿಸಿದಳು. ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ. ಚಹಾ ಬಂತು, ಮಾತು ಬಂತು, ಯಾರ ಯಾರ ಮಕ್ಕಳಿಗೆ ಎಲ್ಲಿ ಸಂಬಂಧ ಎಂದೆಲ್ಲ ಆಯಿತು. ನಾನು ಕರ್ಚೀಫು ತೆಗೆಯಲು ಬ್ಯಾಗು ತೆರೆದಾಗ ಅಕ್ಕನ ಕಣ್ಣಿಗೆ ಮಷೀನು ಬಿತ್ತು.

“ಕೊಳ್ಳಾಗ ಲಿಂಗ ಐತಿ, ಬ್ಯಾಗಿನ್ಯಾಗ ಇದೈತಿ. ಮುಂಜಾನೆದ್ದು ಯಾವುದಕ್ಕ ಮೊದಲ ಕೈ ಹಾಕ್ತಿ, ತಂಗೆವ್ವಾ?”

ನಾನು ಬ್ಯಾಗು ಮುಚ್ಚಲು ಹೋದೆ. ನನ್ನದೂ ನೋಡು ಎಂದು ತೋಳು ಚಾಚಿದಳು. ಪಟ್ಟಿ ಕಟ್ಟಿದೆ. ಆ ತೋಳಿಗೆ ಅದು ಎರಡು ಸುತ್ತು ಬಂತು. ಮಷೀನು ಗುರುಗುಟ್ಟಿ ನಿಂತಿತು. ನಂಬರ್ ಬಹಳ ಕೆಳಗಿತ್ತು. ನನ್ನ ಬಾಯಿ ತಾನಾಗಿಯೇ ತೆರೆಯಿತು.

“ಏನೂ ಆಗಂಗಿಲ್ಲ ಅನ್ನಾಕಿದ್ದೆಲ್ಲ? ಅನಬ್ಯಾಡ” ಎಂದಳು ಅಕ್ಕ. “ಬಂದಾವ್ರೆಲ್ಲ ಅದನ್ನ ಹೇಳಿ ಹೋಗ್ಯಾರ. ಅವರಿಗೆಲ್ಲ ನಾನ ಸಮಾಧಾನ ಮಾಡಿ ಮಾಡಿ ಕಳಸೇನಿ. ನೀ ಒಬ್ಬಾಕೆ ಆದ್ರೂ ಸುಮ್ನ ಕುಂಡ್ರು.”

ಸುಮ್ಮನೆ ಕುಳಿತೆ. ಕೌನ್ಸೆಲರ್ ಹೇಳಿದ್ದ ಅರ್ಧ ತಾಸು ಯಾವಾಗ ಮುಗಿಯಿತೋ ನೋಡಲಿಲ್ಲ. ಬೀದಿಯಲ್ಲಿ ಕಾಳಿನ ಚೀಲ ಇಳಿಸುವ ಸಪ್ಪಳ, ಒಳಗೆ ಕುಕ್ಕರಿನ ಸೀಟಿ. ನಾನು ಹಾಗೆ ಕುಳಿತಿದ್ದಾಗ ಅಕ್ಕ ಕೈ ಮುಂದೆ ಮಾಡಿ ನನ್ನ ಬಲ ಮೊಣಕಾಲನ್ನು ಸೀರೆಯ ಮೇಲಿನಿಂದಲೇ ಒತ್ತಿ ನೋಡಿದಳು, ಜೋಳದ ಗುಣ ನೋಡುವವರ ಹಾಗೆ. ಎಷ್ಟು ಮಡಚುತ್ತದೆ ಎಂದಳು. ಇಷ್ಟು ಎಂದು ತೋರಿಸಿದೆ. ಅವಳು ನನ್ನ ಮುಖ ನೋಡಿದಳು. ನಾನು ಕೇಳಲಿಲ್ಲ, ದೇವರಾಣೆ ಕೇಳಲಿಲ್ಲ. ಅವಳು ನಗಲು ಶುರು ಮಾಡಿದಳು, ದಮ್ಮು ಹತ್ತುವವರೆಗೆ ನಕ್ಕಳು.

“ಇದಕ್ಕ ಅಂಜಿ ಕುಂತೀಯೇನ?”

ಹೌದು ಎಂದೆ.

“ಮೋಟರ್ ಸೈಕಲ್ ಮ್ಯಾಲಿಂದ ಬಿದ್ದು ಕಾಲಿಗೆ ಪ್ಲಾಸ್ಟರ್ ಇದ್ದಾಕಿನ್ನ ಕುಂಡ್ರಸೇನಿ ನಾನು. ಕಾಲು ಚಾಚಿಸಿ ಕುಂಡ್ರಸೂದು. ಕುಣಿ ಒಂದ ಗೇಣು ಉದ್ದ ತೋಡಿದ್ರಾತು. ತೋಡಾವ್ರಿಗೆ ಒಂದ ಕಪ್ ಚಾ ಹೆಚ್ಚಿಗಿ.” ಸೆರಗಿನಿಂದ ಕಣ್ಣೊರೆಸಿಕೊಂಡಳು. “ನೀ ಹುಟ್ಟಿದಾಗಿಂದ ನೆಲಕ್ಕ ಎಂದ ಕುಂತೀಯವಾ, ಈಗ ಒಮ್ಮೆಲೆ ಪದ್ಮಾಸನ ಬೇಕಾತು?”

ಒಂದು ಗೇಣು. ಇ.ಸಿ.ಜಿ., ಬಿ.ಪಿ., ನಾಡಿ, ನಾಲ್ಕು-ಆರು ಉಸಿರು, ಎಲ್ಲ ಆಗಿ ಬಂದದ್ದು ಒಂದು ಗೇಣಿಗೆ. ಆ ನೆಮ್ಮದಿಯೂ ಮೂರನೆಯ ದಿನ ಹುಳಿಯಾದೀತೆಂದು ನಾನು ಕಾದೆ. ಆಗಲಿಲ್ಲ. ಕೌನ್ಸೆಲರ್ ಇದು ತನ್ನ ನಾಲ್ಕು ವಾರದ ಫಲ ಎಂದಳು, ಇದ್ದರೂ ಇರಬಹುದು.

ಏಳುವಾಗ ಅಕ್ಕ ನನ್ನ ಸೀರೆಯ ನೆರಿಗೆ ಹಿಡಿದು ತಡೆದಳು. ಅವಳಿಗೂ ಒಂದು ಮಾತಿತ್ತು, ಅದಕ್ಕೇ ಫೋನು ಮಾಡಿ ಕರೆಸಿದ್ದಳು. ಈ ಓಣಿಯಲ್ಲಿ ಎಲ್ಲರನ್ನೂ ತಾನೇ ಕುಳ್ಳಿರಿಸಿದ್ದಾಯಿತು, ಈಗ ತನ್ನನ್ನು ಕುಳ್ಳಿರಿಸಲು ಚೆನ್ನಾಗಿ ಬಲ್ಲವರು ಯಾರೂ ಉಳಿದಿಲ್ಲ ಎಂದಳು. ಉಳಿದವರು ಚೀಲ ಕಟ್ಟಿದ ಹಾಗೆ ಕಟ್ಟುತ್ತಾರೆ.

“ನನ್ನ ಕಾಲು ನೀ ಮಡಚು. ಬರ್ತೀಯೇನ?”

ಸಾವಿನ ಮನೆಯ ಹೊಸ್ತಿಲು ದಾಟಲು ಏಣಿ ಬೇಕಾದವಳನ್ನು ಅವಳು ಕೇಳಿದ್ದು ಇದನ್ನು. ನನ್ನ ಎದೆಯಲ್ಲಿ ಕುಟುಕಿತು. ಬಂದೇ ಬರುತ್ತೇನೆ ಎನ್ನಲು ಧೈರ್ಯವಾಗಲಿಲ್ಲ. “ಬಂದ್ರೂ ಬರಬಹುದು, ಅಕ್ಕಾ” ಎಂದೆ. ಅಷ್ಟು ದಿನದಲ್ಲಿ ನಾನು ಅವಳಿಗೆ ಹೇಳಿದ ಖರೆ ಮಾತು ಅದೊಂದು. ಸಾಕು ಎನ್ನುವ ಹಾಗೆ ಅವಳು ನೆರಿಗೆ ಬಿಟ್ಟಳು.

ನಾನು ಹೋಗಿ ಬಂದ ಹನ್ನೊಂದನೆಯ ದಿನ ಮುಂಜಾನೆ ಹತ್ತಕ್ಕೆ ಅಕ್ಕನ ಸೊಸೆ ಫೋನು ಮಾಡಿದಳು. ಕುಳಿತಲ್ಲೇ ಹೋದರು, ಈಗಷ್ಟೇ ಎಂದಳು. ಮಷೀನು ಮೇಜಿನ ಮೇಲಿತ್ತು. ಅದನ್ನು ನೋಡಿದೆ. ನನ್ನ ಸೊಸೆಯೂ ಅದನ್ನು ನೋಡಿ, ನನ್ನನ್ನು ನೋಡಿದಳು. ಚಪ್ಪಲಿ ಎಲ್ಲಿ ಎಂದು ಕೇಳಿದೆ. ಅವಳೂ ಜೊತೆಗೆ ಬಂದಳು. ಆ ಒಂದು ತಾಸಿನ ದಾರಿಯಲ್ಲಿ ನನಗೆ ತಲೆ ತಿರುಗಿತು, ಎಡಗೈ ಜೋಮು ಹಿಡಿಯಿತು, ಎರಡು ಸಲ ಕಾರು ತಿರುಗಿಸು ಎನ್ನಬೇಕೆಂದು ಬಾಯಿ ತೆರೆದೆ. ಎರಡೂ ಸಲ ಸೊಸೆ, ಏನೂ ಕೇಳದೆಯೇ, ‘ಇದ್ರೂ ಇರಬಹುದ್ರಿ’ ಎಂದಳು.

ಮನೆಯ ತುಂಬ ಹೆಂಗಸರು. ಎಲ್ಲರ ಬಾಯಲ್ಲೂ ಅಕ್ಕನ ರೋಗದ ಬಗ್ಗೆ ಒಂದೊಂದು ಅಭಿಪ್ರಾಯವಿತ್ತು, ಎಳನೀರಿನ ಸುದ್ದಿಯೂ ಒಂದು ಕಡೆಯಿಂದ ಕೇಳಿಸಿತು. ಮೀಸಿ, ಹಸಿರು ಸೀರೆ ಉಡಿಸಿ, ಗೋಡೆಗೆ ಆನಿಸಿದ್ದರು. ಕಾಲು ಮಾತ್ರ ಚಾಚಿಕೊಂಡೇ ಇದ್ದವು. ತಂಗಿ ಬರುವವರೆಗೆ ಯಾರೂ ಮುಟ್ಟಬೇಡಿ ಎಂದು ಅಕ್ಕ ಹೇಳಿಟ್ಟಿದ್ದಳಂತೆ. ಇವರಿಗೆ ಬರುತ್ತದೆಯೇ ಎಂದು ಒಬ್ಬಾಕೆ ಇನ್ನೊಬ್ಬಾಕೆಯನ್ನು ಕೇಳಿದ್ದು ನನಗೆ ಕೇಳಲಿ ಎಂದೇ. ಜಲ್ದಿ ಮಾಡಿ ಟೀಚರೇ, ಕಾಲು ಸೆಟೆಯುತ್ತವೆ ಎಂದು ಮತ್ತೊಬ್ಬರು ಅವಸರಿಸಿದರು. ನಾನು ಬಗ್ಗಿ ಕೂಡಲಾರೆ. ಅದೇ ಪ್ಲಾಸ್ಟಿಕ್ ಕುರ್ಚಿ ತಂದು ಅಕ್ಕನ ಎದುರಿಗೆ ಹಾಕಿದರು.

ಸಂಜೆ ಅವಳನ್ನು ಮಣ್ಣಿಗೆ ಒಯ್ದಾಗ ನಾನು ಹೊಲದವರೆಗೆ ಹೋಗಲಿಲ್ಲ. ಮೊಣಕಾಲು ನೋಯುತ್ತದೆ ಎಂದೆ, ಆ ಸಲ ಅದು ನೆಪವಾಗಿರಲಿಲ್ಲ. ಹಾಗಾಗಿ ನಾನು ಅಕ್ಕನನ್ನು ಕೊನೆಯದಾಗಿ ಹತ್ತಿರದಿಂದ ನೋಡಿದ್ದು ಆ ಕುರ್ಚಿಯ ಮೇಲಿನಿಂದ. ಪಾದ ಇನ್ನೂ ತೇವವಿತ್ತು, ನನ್ನ ಸೆರಗಿನಿಂದ ಒರೆಸಿದೆ. ಬಲಗಾಲು ಮೊದಲು ಹಿಡಿದು ಮಡಚಿದೆ. ಬದುಕಿಡೀ ನೆಲದ ಮೇಲೆ ಕುಳಿತ ಮೊಣಕಾಲು, ಏನೂ ತಂಟೆ ಮಾಡಲಿಲ್ಲ. ಆಮೇಲೆ ಎಡಗಾಲು. ಸೀರೆಯ ಅಂಚನ್ನು ಪಾದದ ಮೇಲೆ ಎಳೆದು ಸರಿಮಾಡಿ ತಲೆ ಎತ್ತಿದೆ. ನಾನು ಕುರ್ಚಿಯ ಮೇಲೆ, ಅಕ್ಕ ನೆಲದ ಮೇಲೆ, ನನ್ನ ಕಾಲಿನ ಎದುರಿಗೆ.